ಬೆಲ್ಲ ನೀರಿನ ಭಾಷಣ

ಆಗ ನನಗೆ ಎಪ್ಪತ್ತಮೂರು ವರ್ಷ. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನನ್ನನ್ನು ಕೊಪ್ಪದ ಹತ್ತಿರದ ಬಾಳಗಡಿಯಲ್ಲಿ ಒಂದು ವೇದಿಕೆ ಹತ್ತಿಸಿ, ಹೆಗಲಿಗೆ ಶಾಲು ಹಾಕಿ, ಕೈಗೆ ಮೈಕು ಕೊಟ್ಟರು. ಕೊಟ್ಟವರು ಆಮೇಲೆ ಕೈ ಕೈ ಹಿಸುಕಿಕೊಂಡರು. ನಾನು ಹಿಸುಕಿಕೊಳ್ಳಲಿಲ್ಲ.

ನಾನು ಹತ್ತಿದ್ದು ಶಾಲಿನ ಆಸೆಗಲ್ಲ, ಮನೆಯ ಆಸೆಗೆ. ಕೊಪ್ಪದಿಂದ ಹರಿಹರಪುರಕ್ಕೆ ಹೋಗುವ ರಸ್ತೆಯಲ್ಲಿ ಒಂದು ತಿರುವಿದೆ. ಅದರ ಮೇಲಿನ ದಿಬ್ಬದಲ್ಲಿ ನಮ್ಮ ಮನೆ. ನನ್ನ ಮಾವ ಕಟ್ಟಿದ್ದು. ಅವರು ಕಟ್ಟುವಾಗ ಜಾಗ ಯಾರದೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಸೊಸೆಯಾಗಿ ಬಂದು ಐವತ್ತು ವರ್ಷ ದಾಟಿದ ಮೇಲೆ ಆ ಜಾಗ ತನ್ನದೆಂದು ಸರ್ಕಾರಕ್ಕೆ ನೆನಪಾಯಿತು. ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಮನೆ ಇಂತಿಷ್ಟು ಹಳೆಯದು ಎಂದು ತೋರಿಸುವ ದಾಖಲೆ ಕೊಟ್ಟರೆ ಹಕ್ಕುಪತ್ರ ಕೊಡುತ್ತೇವೆ, ಒಂದು ತಿಂಗಳೊಳಗೆ ಕೊಡದಿದ್ದರೆ ಜಾಗ ಖಾಲಿ ಮಾಡಬೇಕು ಎಂದು ಅದರಲ್ಲಿತ್ತು.

ದಾಖಲೆ ಎಲ್ಲಿಂದ ತರುವುದು? ನನ್ನ ಗಂಡ ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಿದ್ದವರು. ಊರಿನ ಅಷ್ಟೂ ತೋಟಗಳ ಮರಗಳಿಗೆ ಅವರ ಗುರುತಿತ್ತು, ಒಂದು ಕಾಗದಕ್ಕೂ ಇರಲಿಲ್ಲ. ಅವರು ಹೋಗಿ ಹನ್ನೊಂದು ವರ್ಷ. ಮಾವ ಮನೆ ಕಟ್ಟಿದ್ದನ್ನು ನೋಡಿದವರೆಲ್ಲ ನನಗಿಂತ ಮೊದಲೇ ಬೂದಿಯಾಗಿದ್ದರು. ಮನೆಯಲ್ಲಿ ಇದ್ದವರು ನಾನು ಮತ್ತು ಗಂಡನನ್ನು ಬಿಟ್ಟು ಬಂದ ನನ್ನ ಮಗಳು. ಅವಳು ಬಾಳಗಡಿಯ ಒಂದು ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾಳೆ. ಆ ಮನೆ ಹೋದರೆ ನಮಗಿಬ್ಬರಿಗೂ ಮತ್ತೊಂದು ಬಾಗಿಲಿಲ್ಲ.

ಈ ಮನೆ ಇತ್ತೆಂದು ಕಛೇರಿಯವರು ಒಪ್ಪುವ ಹಾಗೆ ಹೇಳಬಲ್ಲ ಒಬ್ಬ ಮನುಷ್ಯ ಮಾತ್ರ ಬದುಕಿದ್ದ. ಅವನು ಅದನ್ನು ದೇಶದ ತುಂಬ, ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದ. ತೊಂದರೆ ಏನೆಂದರೆ ಅವನು ಮನೆಯ ಬಗ್ಗೆ ಒಂದು ನಿಜ ಹೇಳಿ, ಮನೆಯೊಳಗಿನದೆಲ್ಲ ಸುಳ್ಳು ಹೇಳುತ್ತಿದ್ದ.

ಅವರ ಹೆಸರು ಬರೆಯುವುದಿಲ್ಲ. ದಿಲ್ಲಿಯಲ್ಲಿ ದೊಡ್ಡ ಕುರ್ಚಿಯಲ್ಲಿ ಕೂತಿದ್ದವರು, ಈಗ ಮಾಜಿ. ನಾನು ಅವರನ್ನು ದಿಲ್ಲಿಯವರು ಎಂದೇ ಕರೆಯುವುದು. ಈಗ ಮೇಲೆ ಏಕವಚನ ಬಂದುಬಿಟ್ಟಿತು, ಇರಲಿ. ಭಾಷಣದಲ್ಲಿ ಅವರೂ ನನ್ನನ್ನು ಕೇಳಿ ಮಾತಾಡಿಲ್ಲ.

ಮೊದಲ ಸಲ ಅವರು ನಮ್ಮ ಕಡೆ ಬಂದದ್ದು ಒಂದು ಚುನಾವಣೆಗೆ. ನನಗೆ ಆಗ ಇಪ್ಪತ್ತೇಳು. ಅವರು ನನಗಿಂತ ಎಂಟೊಂಬತ್ತು ವರ್ಷ ದೊಡ್ಡವರಿರಬಹುದು. ಕೊಪ್ಪದ ಮೈದಾನದಲ್ಲಿ ಭಾಷಣ ಮುಗಿಸಿ ಹರಿಹರಪುರದ ಕಡೆ ಹೊರಟಿದ್ದ ಜೀಪು ನಮ್ಮ ತಿರುವಿನಲ್ಲಿ ಕಾದು ಹೊಗೆ ಕಾರಿ ನಿಂತಿತು. ಇಂಜಿನ್ನಿಗೆ ನೀರು ಕೇಳಿಕೊಂಡು ನಾಲ್ಕು ಜನ ದಿಬ್ಬ ಹತ್ತಿ ಬಂದರು. ಅವರಲ್ಲಿ ಒಬ್ಬ ಕೊಪ್ಪದ ಹುಡುಗ, ಕಾಲೇಜು ಮುಗಿಸಿದವ. ಹಿಂದಿ ಪರೀಕ್ಷೆ ಕಟ್ಟಿದ್ದ ಎಂಬ ಕಾರಣಕ್ಕೆ ಅವನನ್ನು ಭಾಷಣ ತರ್ಜುಮೆಗೆ ಹಿಡಿದಿದ್ದರು. ಅವನಿಗೆ ನಾವೆಲ್ಲ ಆಮೇಲೆ ದುಭಾಷಿ ಎಂದೇ ಹೆಸರಿಟ್ಟೆವು. ಇನ್ನೊಬ್ಬ ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡ ಪೇಪರಿನವ.

ದಿಲ್ಲಿಯವರು ಜಗಲಿಯಲ್ಲಿ ಕೂತರು. ನಾನು ಪದ್ಧತಿಯ ಪ್ರಕಾರ ಒಂದು ಬೆಲ್ಲದ ಅಚ್ಚು, ಒಂದು ತಂಬಿಗೆ ನೀರು ತಂದಿಟ್ಟೆ.

ನಮ್ಮಲ್ಲಿ ಯಾರು ಮನೆಗೆ ಬಂದರೂ ಮೊದಲು ಕೇಳುವುದು ಆಸರಿಗೆ ಬೇಕಾ ಎಂದು. ಬಿಸಿಲಲ್ಲಿ ನಡೆದು ಬಂದವರ ದಾಹಕ್ಕೆ ಬೆಲ್ಲ, ನೀರು. ಅದು ಉಪಚಾರವೇ ಅಲ್ಲ. ಕಾಲು ತೊಳೆಯಲು ನೀರು ಕೊಟ್ಟ ಹಾಗೆ ಅಷ್ಟೆ. ಅದಾದ ಮೇಲೆ ಕಾಫಿ, ಕಾಫಿಯಾದ ಮೇಲೆ ಊಟದ ಎಲೆ. ಬರೀ ಬೆಲ್ಲ ನೀರು ಕುಡಿದು ಎದ್ದು ಹೋಗುವವನು ಒಂದೋ ಹಗೆಯವನು, ಇಲ್ಲವೇ ಸಾವಿನ ಸುದ್ದಿ ಹೇಳಲು ಬಂದವನು. ಒಳಗೆ ನನ್ನ ಅತ್ತೆ ಆಗಲೇ ಅಕ್ಕಿ ಕಡುಬಿನ ಹಿಟ್ಟು ಕಲಸಿ ಒಲೆ ಮೇಲೆ ಪಾತ್ರೆ ಇಟ್ಟಾಗಿತ್ತು. ದೊಡ್ಡ ಜನ ಬಂದಿದ್ದಾರೆಂದು ಹಿತ್ತಲಲ್ಲಿ ಹುಂಜದ ಕುತ್ತಿಗೆಯನ್ನೂ ತಿರುಗಿಸಿದ್ದರು.

ದಿಲ್ಲಿಯವರು ಬೆಲ್ಲ ಕಚ್ಚಿದರು, ನೀರು ಕುಡಿದರು. ಒಳಗೆ ಇಣುಕಿದರು. ಒಲೆಯ ಹೊಗೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹುಡುಗನ ಹತ್ತಿರ ಏನೋ ಕೇಳಿದರು. ಅವನು ನನ್ನ ಕಡೆ ತಿರುಗಿ, "ಇದು ಬಿಟ್ಟು ಬೇರೆ ಎಂತ ಇದೆ ಅಂತ ಕೇಳ್ತಿದಾರೆ" ಅಂದ.

"ಮೊದ್ಲು ಇದಾಗ್ಲಿ. ಕೂರಕ್ಕೆ ಹೇಳಿ ಅವ್ರಿಗೆ" ಅಂದೆ.

ಅವನು ಹಿಂದಿಯಲ್ಲಿ ಏನು ಹೇಳಿದನೋ ದೇವರೇ ಬಲ್ಲ. ದಿಲ್ಲಿಯವರ ಕಣ್ಣು ತುಂಬಿತು. ಎದ್ದವರೇ ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಪೇಪರಿನವ ಫೋಟೋ ಹೊಡೆದ. ಎಲ್ಲರೂ ದಿಬ್ಬ ಇಳಿದು ಹೋದರು. ಅತ್ತೆ ಕೈಗೆ ಪುಕ್ಕ ಅಂಟಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಜಗಲಿ ಖಾಲಿ.

"ಎಲ್ಲೇ ನೆಂಟ್ರು? ಎಂತ ಅಂದೆ ಅವ್ರಿಗೆ?"

"ಎಂತದೂ ಅನ್ಲಿಲ್ಲ. ಬೆಲ್ಲ ಕೊಟ್ಟೆ."

"ಬೆಲ್ಲದಲ್ಲಿ ಹುಳ ಇತ್ತೇನೆ?"

ಬಂದವರು ಉಣ್ಣದೆ ಹೋದದ್ದು ನನ್ನ ತಪ್ಪೆಂದು ಅತ್ತೆ ಎಂಟು ದಿನ ಮಾತು ಬಿಟ್ಟರು. ಮೊಟ್ಟೆಗೆ ಕೂತ ಹೇಂಟೆಗಳನ್ನು ನೋಡಿದಾಗಲೆಲ್ಲ ದೇಶಕ್ಕೆ ಒಬ್ಬ ನಾಯಕ ಸಿಕ್ಕಿದ, ನಮಗೆ ಒಂದು ಹುಂಜ ಹೋಯಿತು ಎನ್ನುತ್ತಿದ್ದರು. ದಿಲ್ಲಿಯವರು ಮಾಂಸ ಮುಟ್ಟುವವರಲ್ಲ ಎಂದು ಬಹಳ ಕಾಲದ ಮೇಲೆ ಗೊತ್ತಾಯಿತು. ಕೂತಿದ್ದರೂ ಹುಂಜ ನಮಗೇ ಉಳಿಯುತ್ತಿತ್ತು.

ಮೂರ್ನಾಲ್ಕು ವರ್ಷ ಕಳೆಯಿತು. ಅವರು ಮಂತ್ರಿಯಾಗಿದ್ದರು. ನರಸಿಂಹರಾಜಪುರದಲ್ಲಿ ಚುನಾವಣೆಯ ಸಭೆ, ಕೊಪ್ಪದಿಂದ ಲಾರಿಯಲ್ಲಿ ಹೆಂಗಸರನ್ನು ತುಂಬಿಕೊಂಡು ಹೋದರು. ನನ್ನ ಅಕ್ಕನನ್ನು ಅಲ್ಲೇ ಹತ್ತಿರದ ಕಡಹಿನಬೈಲಿಗೆ ಕೊಟ್ಟಿತ್ತು. ಅವಳನ್ನು ನೋಡಿಕೊಂಡು ಬರಬಹುದೆಂದು ನಾನೂ ಹತ್ತಿದೆ. ಆ ಕಾಲದಲ್ಲಿ ನೆಂಟರ ಮನೆಗೆ ಹೋಗಲು ಚುನಾವಣೆಯಷ್ಟು ಅನುಕೂಲದ ಬಸ್ಸು ಇರಲಿಲ್ಲ.

ಭಾಷಣ ಶುರುವಾಯಿತು. ಒಂದು ವಾಕ್ಯ ಅವರು, ಒಂದು ವಾಕ್ಯ ದುಭಾಷಿ. ಅರ್ಧ ಗಂಟೆಯಾದ ಮೇಲೆ ಅವರ ದನಿ ಇಳಿಯಿತು. ಇದೇ ಮಲೆನಾಡಿನಲ್ಲಿ ನಾನೊಬ್ಬ ವೃದ್ಧ ತಾಯಿಯನ್ನು ಕಂಡೆ ಎಂದರು. ಮನೆಯಲ್ಲಿ ಒಂದು ಕಾಳು ಅಕ್ಕಿ ಇರಲಿಲ್ಲ, ಬೆಲ್ಲ ಕಚ್ಚಿ ನೀರು ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದಳು, ತನ್ನ ಪಾಲಿನ ಬೆಲ್ಲವನ್ನು ನನಗೆ ಕೊಟ್ಟಳು, ಬೇರೆ ಏನಿದೆ ತಾಯೀ ಎಂದು ಕೇಳಿದರೆ ಕೂತುಕೋ ಮಗನೇ ಎಂದಷ್ಟೇ ಹೇಳಿದಳು, ಆ ದಿನ ನಾನು ಪ್ರತಿಜ್ಞೆ ಮಾಡಿದೆ, ಹೀಗೆ. ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಳ್ಳು ಯಾಕೆ ಹೇಳಲಿ, ಕೇಳುತ್ತಾ ಕೇಳುತ್ತಾ ನನಗೂ ಆ ಮುದುಕಿಯ ಮೇಲೆ ಕನಿಕರ ಬಂತು. ಪಾಪ, ಯಾರ ಮನೆಯದೋ ಎಂದುಕೊಂಡೆ. ಹರಿಹರಪುರ ರಸ್ತೆಯ ತಿರುವು, ದಿಬ್ಬ, ಕೆಟ್ಟು ನಿಂತ ಜೀಪು ಬಂದಾಗ ಅದು ನಮ್ಮ ಮನೆಯೇ ಎಂದು ಗೊತ್ತಾಯಿತು. ಮೂವತ್ತು ತುಂಬಿದ ನನ್ನನ್ನು ಅಷ್ಟು ಜನರ ಮುಂದೆ ಮುದುಕಿ ಮಾಡಿದ್ದರು.

ಅಕ್ಕನ ಮನೆಗೆ ಹೋಗುವ ಮೊದಲೇ ಸುದ್ದಿ ಹೋಗಿತ್ತು. ಅಕ್ಕ ಎಲೆ ಹಾಕುತ್ತಾ, "ಹೊಟ್ಟೆ ತುಂಬ ಉಂಡು ಹೋಗು ಮಾರಾಯ್ತಿ, ಮತ್ತೆ ಮನೇಲಿ ಬೆಲ್ಲವೇ ಗತಿ" ಅಂದಳು.

ನಗುವಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆ ಭಾಷಣದ ಜೊತೆ ನಮ್ಮ ಜಗಲಿಯ ಫೋಟೋ ಪೇಪರಿನಲ್ಲಿ ಬಂತು, ಕೆಳಗೆ ಹಸಿವಿನ ಮನೆ ಎಂದು ಬರೆದಿತ್ತು. ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದರು. ನಾನು ವಾಡಿಕೆಯಂತೆ ಬೆಲ್ಲ ನೀರು ತಂದಿಟ್ಟೆ. ಅವರು ಬೆಲ್ಲ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗನ ಸೋದರಮಾವ, ಇಲ್ಲಿಗೇ ನಿಲ್ಲುತ್ತದೋ ಮುಂದೆಯೂ ಉಂಟೋ ಎಂದು ಕೇಳಿದ. ಆ ಸಂಬಂಧ ಆಗಲಿಲ್ಲ. ಅಂದಿನಿಂದ ಅತ್ತೆ ಮನೆಯಲ್ಲಿ ಆಸರಿ ಕೊಡುವುದನ್ನೇ ನಿಲ್ಲಿಸಿದರು. ನಮ್ಮ ಮನೆಗೆ ಬಂದವರಿಗೆ ಸೀದಾ ಕಾಫಿ, ಜೊತೆಗೆ ತಿಂಡಿ, ಬೇಡವೆಂದರೂ ಊಟ. ತಲೆತಲಾಂತರದ ಒಂದು ಪದ್ಧತಿಯನ್ನು ಒಂದು ಭಾಷಣ ಕೆಡಿಸಿತು. ನಮ್ಮ ಹಸಿವನ್ನು ನೀಗಿಸುತ್ತೇನೆಂದು ಪ್ರತಿಜ್ಞೆ ಮಾಡಿದವರಿಂದಾಗಿ ನಾವು ಬಂದವರಿಗೆಲ್ಲ ಉಣ್ಣಿಸಿ ಉಣ್ಣಿಸಿ ಸುಸ್ತಾದೆವು.

ಆಮೇಲೆ ಅವರು ಬೆಳೆಯುತ್ತಾ ಹೋದರು, ಭಾಷಣವೂ ಬೆಳೆಯಿತು. ದುಭಾಷಿಯೂ ಬೆಳೆದ. ಆ ನಿಗಮಕ್ಕೆ ಅಧ್ಯಕ್ಷ, ಈ ಮಂಡಳಿಗೆ ಸದಸ್ಯ. ಅವರು ಈ ಕಡೆ ಬಂದಾಗೆಲ್ಲ ತರ್ಜುಮೆ ಅವನದೇ. ಪ್ರತಿ ಚುನಾವಣೆಗೂ ಬೆಲ್ಲ ಸಣ್ಣದಾಗುತ್ತಿತ್ತು. ಮೊದಲು ಇಡೀ ಅಚ್ಚು ಕೊಟ್ಟಿದ್ದೆ. ಎರಡನೆಯ ಚುನಾವಣೆಗೆ ಅದು ಅರ್ಧವಾಯಿತು, ಮೂರನೆಯದಕ್ಕೆ ಡಬ್ಬದ ತಳ ಕೆರೆದು ಕೊಟ್ಟ ಪುಡಿಯಾಯಿತು.

ಶೃಂಗೇರಿಯಲ್ಲಿ ನಾನು ಅವರನ್ನು ಮತ್ತೆ ನೋಡಿದೆ. ಅಡಿಕೆ ಸುಲಿಯುವ ಹೆಂಗಸರೆಲ್ಲ ಸುಗ್ಗಿ ಮುಗಿಸಿ ದೇವರ ದರ್ಶನಕ್ಕೆ ಹೋಗಿದ್ದೆವು. ಅವರು ಆಗ ಸೋತಿದ್ದರು. ಸೋತ ಮೇಲೆ ಪಕ್ಷ ಬದಲಿಸಿದ್ದರು. ಗೆದ್ದವರು ಹರಕೆ ತೀರಿಸಲು ಬರುತ್ತಾರೆ, ಸೋತವರು ಹೊಸದಾಗಿ ಹೊತ್ತುಕೊಳ್ಳಲು ಬರುತ್ತಾರೆ, ಅಂತೂ ಎಲ್ಲರೂ ಬರುತ್ತಾರೆ. ಹೊರಗೆ ಮೈಕುಗಳ ಮುಂದೆ ನಿಂತು ಮಾತಾಡುತ್ತಿದ್ದರು. ಮತ್ತೆ ಅದೇ ದಿಬ್ಬ, ಅದೇ ಬೆಲ್ಲ. ಆದರೆ ಮೊದಲು ಆ ಹಸಿವಿಗೆ ಯಾವ ಪಕ್ಷ ಕಾರಣ ಎನ್ನುತ್ತಿದ್ದರೋ ಈಗ ಆ ಪಕ್ಷದಲ್ಲೇ ಅವರಿದ್ದರು. ಆದ್ದರಿಂದ ಹಸಿವಿಗೆ ಇನ್ನೊಂದು ಪಕ್ಷ ಕಾರಣವಾಗಿತ್ತು. ಕೊನೆಗೆ ದನಿ ನಡುಗಿಸಿ, ಆ ತಾಯಿ ಇಂದು ನಮ್ಮೊಂದಿಗಿಲ್ಲ, ಹಸಿವೇ ಅವಳನ್ನು ಕೊಂಡೊಯ್ಯಿತು ಎಂದರು.

ನನ್ನ ಜೊತೆಯವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬಳು ನನ್ನ ಕೈ ಚಿವುಟಿ, ತಿಥಿಯೂಟಕ್ಕೆ ಯಾವಾಗ ಬರಲಿ ಎಂದಳು. ನಾನು ಬದುಕಿದ್ದೇನೆ ಎಂದು ಹೇಳೋಣವೆಂದು ಮುಂದೆ ಹೋದೆ. ಪೊಲೀಸಿನವನು ಕೋಲು ಅಡ್ಡ ಹಿಡಿದ. ಸತ್ತವರನ್ನು ಅಷ್ಟು ದೊಡ್ಡವರ ಹತ್ತಿರ ಬಿಡುವುದಿಲ್ಲ.

ಅದಾದ ಮೇಲೂ ಅವರು ಎದ್ದರು. ದಿಲ್ಲಿಯಲ್ಲಿ ಇನ್ನೂ ದೊಡ್ಡ ಕುರ್ಚಿ ಹಿಡಿದರು. ಒಂದು ದಿನ ಅದೂ ಹೋಯಿತು. ಟೀವಿಯಲ್ಲಿ ಅವರ ಹೆಸರಿನ ಹಿಂದೆ ಮಾಜಿ ಸೇರಿತು, ಆಮೇಲೆ ಹೆಸರೂ ಬರುವುದು ನಿಂತಿತು.

ನಮ್ಮ ಬಾಗಿಲಿಗೆ ನೋಟೀಸು ಅಂಟಿಸಿ ಹತ್ತು ದಿನವಾಗಿತ್ತು. ದುಭಾಷಿ ದಿಬ್ಬ ಹತ್ತಿ ಬಂದ. ಅವನಿಗೂ ಎಪ್ಪತ್ತರ ಹತ್ತಿರ, ಮಂಡಿ ಹಿಡಿದುಕೊಂಡು ಮೂರು ಕಡೆ ನಿಂತು ಬಂದ. ಕೂತು ಉಸಿರು ಬಿಟ್ಟು ವಿಷಯ ಹೇಳಿದ. ದಿಲ್ಲಿಯವರಿಗೆ ಎಂಬತ್ತು ದಾಟಿದೆ, ಬಾಳಗಡಿಯ ಕಾಲೇಜಿನ ಸಭಾಂಗಣದಲ್ಲಿ ಸನ್ಮಾನ ಇಟ್ಟುಕೊಂಡಿದ್ದಾರೆ, ಬೆಲ್ಲದ ಅಮ್ಮನನ್ನು ವೇದಿಕೆಗೆ ಕರೆಸಬೇಕೆಂದು ಎಲ್ಲರ ಆಸೆ.

ಬೆಲ್ಲದ ಅಮ್ಮ ಸತ್ತು ಎಷ್ಟೋ ವರ್ಷವಾಯಿತಲ್ಲ ಎಂದೆ.

"ಅದು ಭಾಷಣಕ್ಕೆ ಹೇಳಿದ್ದು ಮಾರಾಯ್ತಿ" ಅಂದ.

ನಾನು ಕೇಳದೆ ಬಿಡಲಿಲ್ಲ. ಆ ದಿನ ನನ್ನ ಮಾತನ್ನು ಅವರಿಗೆ ಏನೆಂದು ಹೇಳಿದೆ ಎಂದೆ. ಅವನು ಮಂಡಿ ನೀವಿಕೊಂಡ. ಕೂತುಕೊಳ್ಳಿ ಎಂದಷ್ಟೇ ಹೇಳಿದೆ, ಆದರೆ ಅಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಬಂದಿತ್ತು ಎಂದ. "ಅಷ್ಟು ದೊಡ್ಡವ್ರು ಅಳಕ್ಕೆ ಶುರು ಮಾಡಿದ ಮೇಲೆ, ಅದು ಹಂಗಲ್ಲ, ಒಳಗೆ ಕೋಳಿ ಬೇಯ್ತಿದೆ ಅಂತ ಹೆಂಗೆ ಹೇಳಾದು? ನೀನೇ ಆಗಿದ್ರೆ ಹೇಳ್ತಿದ್ಯಾ?"

ಹೇಳುತ್ತಿದ್ದೆ ಎಂದೆ. ಅದಕ್ಕೇ ನೀನು ಯಾವ ನಿಗಮಕ್ಕೂ ಅಧ್ಯಕ್ಷೆಯಾಗಲಿಲ್ಲ ಎಂದ.

ನನಗೆ ಬರಲು ಮನಸ್ಸಿಲ್ಲವೆಂದು ಕಂಡದ್ದೇ ಅವನು ಬಾಗಿಲ ಮೇಲಿನ ನೋಟೀಸಿನ ಕಡೆ ಬೆರಳು ತೋರಿಸಿದ. ದಿಲ್ಲಿಯವರು ತಮ್ಮ ಮುದ್ರೆಯ ಕಾಗದದಲ್ಲಿ, ಇಂಥ ವರ್ಷ ಇಂಥ ಮನೆಗೆ ಬಂದಿದ್ದೆ ಎಂದು ಬರೆದುಕೊಟ್ಟರೆ, ಅದನ್ನು ಪೇಪರಿನ ಫೋಟೋದ ಜೊತೆ ಇಟ್ಟರೆ, ಯಾವ ಕಛೇರಿಯೂ ಇಲ್ಲ ಎನ್ನುವುದಿಲ್ಲ. ಫೋಟೋ ತನ್ನಲ್ಲಿದೆ. ಕಾಗದವನ್ನು ತಾನು ಕೊಡಿಸುತ್ತೇನೆ ಎಂದ. ನಾನು ಮಾಡಬೇಕಾದದ್ದು ಇಷ್ಟೇ, ಮೈಕು ಹಿಡಿದು, ಆಗ ಮನೆಯಲ್ಲಿ ಏನೂ ಇರಲಿಲ್ಲ, ನಿಮ್ಮಿಂದ ಈಗ ಎಲ್ಲ ಇದೆ ಎಂದು ಹೇಳಬೇಕು.

ಅವನು ಹೋದ ಮೇಲೆ ಮಗಳು, "ನಾಲ್ಕು ಮಾತು ಹೇಳಿದ್ರೆ ಎಂತ ಹೋಗ್ತದೆ ನಿಂದು?" ಎಂದು ಕೇಳಿದಳು.

ಕೂಲಿ ಮಾಡಿಯೇ ಬದುಕಿದ ಮನೆ ನಮ್ಮದು, ಬಡತನ ಇತ್ತು. ಆದರೆ ನನ್ನ ಅತ್ತೆ ಇರುವವರೆಗೆ ಆ ಮನೆಯಿಂದ ಯಾರೂ ಉಣ್ಣದೆ ಹೋದದ್ದಿಲ್ಲ, ದಿಲ್ಲಿಯವರೊಬ್ಬರನ್ನು ಬಿಟ್ಟು. ಆ ಒಬ್ಬರ ಮಾತೇ ಲೋಕಕ್ಕೆ ಉಳಿಯಿತು. ಈಗ ಅದಕ್ಕೆ ನಾನೂ ಹೂಂ ಎನ್ನಬೇಕಿತ್ತು. ಆದರೆ ಮಳೆಗಾಲದೊಳಗೆ ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ? ಹೇಳುತ್ತೇನೆ ಎಂದೆ. ಆ ನಾಲ್ಕು ಮಾತುಗಳನ್ನು ಅಡಿಕೆ ಸುಲಿಯುತ್ತಾ ಬಾಯಿಪಾಠ ಮಾಡಿದೆ.

ಸಭೆಯ ದಿನ ದಿಲ್ಲಿಯವರನ್ನು ಇಬ್ಬರು ಹಿಡಿದು ತಂದು ನನ್ನ ಪಕ್ಕ ಕೂರಿಸಿದರು. ನನ್ನನ್ನು ನೋಡಿ ಕೈ ಮುಗಿದರು, ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು, ಅವರ ತಲೆಯಲ್ಲಿದ್ದದ್ದು ಅವತ್ತೇ ಮುದುಕಿಯಾಗಿದ್ದವಳು. ಎದುರಿಗೆ ಕಾಲೇಜಿನ ಮಕ್ಕಳು ತುಂಬಿದ್ದರು, ಎಲ್ಲರ ಕೈಯಲ್ಲೂ ಮೊಬೈಲು. ಹಿಂದಿನ ಸಾಲುಗಳಲ್ಲಿ ನಮ್ಮೂರ ಕಡೆಯವರು.

ಅವರು ಎದ್ದು ಮಾತು ಶುರು ಮಾಡಿದರು, ದುಭಾಷಿ ಪಕ್ಕದಲ್ಲಿ ತರ್ಜುಮೆಗೆ ನಿಂತ. ಮಾತು ತಡವರಿಸುತ್ತಿತ್ತು. ಎಲ್ಲಿ ಯಾವ ಮಂತ್ರಿಯಾಗಿದ್ದೆ ಎಂಬುದನ್ನೇ ಎರಡು ಸಲ ತಪ್ಪು ಹೇಳಿದರು. ಬೆಲ್ಲದ ಕಥೆ ಬಂದ ಕೂಡಲೇ ದನಿ ಗಟ್ಟಿಯಾಯಿತು, ಒಂದು ಅಕ್ಷರ ತಪ್ಪಲಿಲ್ಲ. ನಾನು ಮನಸ್ಸು ಕಲ್ಲು ಮಾಡಿ ಕೂತಿದ್ದೆ. ಅಕ್ಕಿ ಇರಲಿಲ್ಲ, ಸಹಿಸಿದೆ. ಬೆಲ್ಲದ ಡಬ್ಬ ಕೆರೆದಳು, ಸಹಿಸಿದೆ. ಆದರೆ ಆ ದಿನ ಅವರು ಹೊಸದೊಂದನ್ನು ಸೇರಿಸಿದರು. ಒಳಗೆ ಕತ್ತಲ ಮೂಲೆಯಲ್ಲಿ ಆ ತಾಯಿಯ ಅತ್ತೆ ಅನ್ನವಿಲ್ಲದೆ ಒಣಗಿ ಮಲಗಿದ್ದಳು, ಎದ್ದು ಬರಲೂ ಅವಳಿಗೆ ತ್ರಾಣವಿರಲಿಲ್ಲ ಎಂದರು.

ನನ್ನ ಅತ್ತೆಯನ್ನು ನೋಡಿದವರು ಹಿಂದಿನ ಸಾಲಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದರು. ಕೂತರೆ ಹನ್ನೆರಡು ಕಡುಬು ತಿಂದು ಏಳುತ್ತಿದ್ದ ಹೆಂಗಸು. ಜಗಲಿ ತುಂಬುವಂಥ ಆಳು. ಹಿಂದಿನಿಂದ ಯಾರೋ ಕೆಮ್ಮಿದರು, ಯಾರೋ ನಕ್ಕರು. ಅಷ್ಟರಲ್ಲಿ ನನ್ನ ಕೈಗೆ ಮೈಕು ಬಂತು.

ಬಾಯಿಪಾಠ ಮಾಡಿದ್ದು ಬಾಯಿಗೆ ಬರಲಿಲ್ಲ.

"ನಮ್ಮತ್ತೆ ಅವತ್ತು ಮಲಗಿರ್ಲಿಲ್ಲ. ನಿಮಗೆ ಅಂತ ಹಿತ್ಲಲ್ಲಿ ಹುಂಜ ಕೊಯ್ತಾ ಇದ್ರು. ಒಲೆ ಮೇಲೆ ಕಡುಬು ಇತ್ತು. ಆಸ್ರಿಗೆ ಕೊಟ್ಟಿದ್ದನ್ನೇ ಊಟ ಅಂದ್ಕಂಡು ಎದ್ದು ಓಡಿದ್ರೆ ನಾ ಎಂತ ಮಾಡ್ಲಿ? ನಿಮ್ಮ ಕಣ್ಣೀರಿಗೆ ನಮ್ಮತ್ತೆ ಎಂಟು ದಿನ ನನ್ನ ಹತ್ರ ಮಾತು ಬಿಟ್ರು."

ಸಭಾಂಗಣ ಒಟ್ಟಿಗೆ ನಕ್ಕಿತು. ಮಕ್ಕಳು ಬೆಂಚು ಬಡಿದರು. ದಿಲ್ಲಿಯವರು ದುಭಾಷಿಯ ಕಡೆ ಬಗ್ಗಿ ಕಿವಿ ಕೊಟ್ಟರು. ಅವನು ಏನೋ ಎರಡು ಮಾತು ಹೇಳಿದ. ಅವರ ಕಣ್ಣು ಮತ್ತೆ ತುಂಬಿತು, ಮತ್ತೆ ನನಗೆ ಕೈ ಮುಗಿದರು. ಅದನ್ನು ನೋಡಿ ಮಕ್ಕಳು ಇನ್ನೂ ನಕ್ಕರು. ನನಗೆ ಆಗ ಮನೆಯ ನೆನಪಾಯಿತು. ಮೈಕನ್ನು ಇನ್ನೂ ಕಸಿದುಕೊಂಡಿರಲಿಲ್ಲ. ಮನೆಯೊಂದು ಇತ್ತು ಅಂತ ಮಾತ್ರ ಬರೆದುಕೊಡಿ, ಬೇರೆ ಏನೂ ಬೇಡ ಎಂದೆ.

ಸಭೆ ಮುಗಿದ ಮೇಲೆ ಅವರನ್ನು ಪ್ರಾಂಶುಪಾಲರ ಕೋಣೆಯಲ್ಲಿ ಕೂರಿಸಿದ್ದರು. ನನ್ನನ್ನೂ ಅಲ್ಲಿಗೆ ಕರೆಸಿದರು. ಬಾಗಿಲಲ್ಲೇ ದುಭಾಷಿ ಹಲ್ಲು ಕಚ್ಚಿಕೊಂಡು, ನಾಲ್ಕು ಮಾತು ಹೇಳು ಅಂದರೆ ಕೋಳಿ ಕಥೆ ಹೇಳಿದೆಯಲ್ಲ ಎಂದು ಬೈದ. ನೀನು ಅವರಿಗೆ ಏನು ಹೇಳಿದೆ ಎಂದು ಕೇಳಿದೆ.

"ನಿಮ್ಮ ದಯೆಯಿಂದ ಈಗ ಮನೇಲಿ ಕಡುಬು, ಕೋಳಿ ಎಲ್ಲ ಆಗ್ತದೆ ಅಂದೆ."

ಕೆಲಸ ಗೊತ್ತಿರುವವನು. ನನಗೂ ಒಪ್ಪಿಗೆಯಾಯಿತು.

ಆದರೆ ದಿಲ್ಲಿಯವರು ದಡ್ಡರಲ್ಲ. ಅಷ್ಟು ವರ್ಷ ಜನರ ಮುಂದೆ ನಿಂತವರಿಗೆ ಯಾವ ನಗು ಯಾವುದಕ್ಕೆ ಎಂದು ಗೊತ್ತಿರುತ್ತದೆ. ನೀರು ಕುಡಿದು ಲೋಟ ಇಟ್ಟು, ಮಕ್ಕಳು ಯಾಕೆ ನಕ್ಕರು ಎಂದು ದುಭಾಷಿಯನ್ನು ಕೇಳಿದರು. ಅವನು ನನ್ನ ಮುಖ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳತೊಡಗಿದ. ನನಗೆ ಹಿಂದಿ ಟೀವಿಯಿಂದ ಬಂದಷ್ಟೇ. ಆದರೂ ಗುಡ, ಪಾನಿ, ಮುರ್ಗಾ ಎಂದು ಬೆಲ್ಲ, ನೀರು, ಹುಂಜ ಎಲ್ಲ ಒಂದೊಂದಾಗಿ ಬಂದದ್ದು ತಿಳಿಯಿತು. ಅವರಿಂದ ಅವನಿಗೆ ಸಿಗುವ ಟಿಕೆಟ್ಟು ಇನ್ನು ಯಾವುದೂ ಉಳಿದಿರಲಿಲ್ಲ, ಆದ್ದರಿಂದ ನಿಜ ಹೇಳುವುದಕ್ಕೆ ತೊಂದರೆಯೂ ಇರಲಿಲ್ಲ.

ದಿಲ್ಲಿಯವರು ಫ್ಯಾನು ತಿರುಗುವುದನ್ನು ನೋಡಿದರು. ನನ್ನ ಕೈ ನೋಡಿದರು. ಕೊನೆಗೆ ಒಂದು ಮಾತು ಹೇಳಿದರು. ದುಭಾಷಿ ಅದನ್ನು ನನಗೆ ತಿರುಗಿಸಿದ: "ಇರ್ಬಹುದು. ಆದ್ರೆ ಊರೂರಲ್ಲಿ ಕೇಳಿ ಅತ್ತವ್ರು ಸುಳ್ಳು ಅತ್ತಿಲ್ವಲ್ಲ ಅಂತಿದಾರೆ."

ನರಸಿಂಹರಾಜಪುರದಲ್ಲಿ ನಾನೂ ಅರ್ಧ ಅತ್ತವಳೇ.

ಆಮೇಲೆ ಅವರು ಜೊತೆಯ ಸಹಾಯಕನನ್ನು ಕರೆದು ಇಂಗ್ಲಿಷಿನಲ್ಲಿ ಕಾಗದ ಹೇಳಿ ಬರೆಸಿದರು. ಇಸವಿಯನ್ನು ತಡವರಿಸದೆ ಹೇಳಿದರು, ರಸ್ತೆ, ತಿರುವು, ದಿಬ್ಬ ಎಲ್ಲ ಹೇಳಿದರು. ಸಹಾಯಕ ಅಲ್ಲೇ ಪ್ರಿಂಟು ತೆಗೆದ, ಅವರು ನಡುಗುವ ಕೈಯಲ್ಲಿ ಸಹಿ ಮಾಡಿದರು. ಸಹಿ ಮಾತ್ರ ನಡುಗಿರಲಿಲ್ಲ. ವಿಮಾನಕ್ಕೆ ಹೊತ್ತಾಯಿತೆಂದು ಅವರನ್ನು ಎಬ್ಬಿಸಿ ಕಾರಿಗೆ ಕರೆದುಕೊಂಡು ಹೋದರು. ಕಾರು ಹೋದ ಮೇಲೆ ದುಭಾಷಿ ಕಾಗದವನ್ನು ನನಗೆ ಓದಿ ಹೇಳಿದ. ಒಂದೇ ಉದ್ದನೆಯ ವಾಕ್ಯ. ಹರಿಹರಪುರ ರಸ್ತೆಯ ತಿರುವಿನ ಮೇಲಿನ, ಒಂದು ಕಾಳು ಅಕ್ಕಿಯೂ ಇಲ್ಲದಿದ್ದ ಈ ತಾಯಿಯ ಮನೆಯಲ್ಲಿ ನಾನು ಆ ವರ್ಷ ಬೆಲ್ಲ ತಿಂದು ನೀರು ಕುಡಿದಿದ್ದೇನೆ.

ಈಗ ತಾನೇ ಎಲ್ಲ ಕೇಳಿಸಿಕೊಂಡರಲ್ಲ, ಮತ್ತೆ ಅದನ್ನೇ ಬರೆಸಿದರಲ್ಲ ಎಂದೆ. ಅವರಿಗೆ ಅದೊಂದೇ ಬರುವುದು, ಏನು ಮಾಡುವುದು ಎಂದ. ಅಕ್ಕಿಯ ಮಾತನ್ನು ಪೆನ್ನಿನಲ್ಲಿ ಹೊಡೆದುಹಾಕು ಎಂದೆ.

"ಒಂದೇ ವಾಕ್ಯ ಮಾರಾಯ್ತಿ. ಅಕ್ಕಿ ತೆಗೆದ್ರೆ ಮನೆಯೂ ಹೋಗ್ತದೆ. ಹೊಡೆದು ಹಾಕಿದ ಕಾಗದ ಕಛೇರೀಲಿ ಯಾರು ತಗಳ್ತಾರೆ?"

ಮನೆಗೆ ಬಂದು ಕಾಗದವನ್ನೂ ದುಭಾಷಿ ಕೊಟ್ಟ ಫೋಟೋವನ್ನೂ ಮಗಳಿಗೆ ಕೊಟ್ಟೆ. ಅವಳು ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹಾಸಿಗೆಯ ಕೆಳಗಿಟ್ಟಳು. ನೀನು ಕಡುಬಿನ ವಿಷಯ ಹೇಳಿದ್ದು ಊರ ತುಂಬ ಎಲ್ಲರ ಮೊಬೈಲಿನಲ್ಲಿದೆ ಎಂದಳು. ಅದಕ್ಕೆ ಅವಳ ಮುಖದಲ್ಲಿ ಸಂತೋಷ ಇತ್ತೋ ಭಯ ಇತ್ತೋ ನಾನು ವಿಚಾರಿಸಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಪ್ಪಕ್ಕೆ ಹೋದೆ. ಕಛೇರಿಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದೆ. ಅರ್ಜಿ ತೆಗೆದುಕೊಳ್ಳುವ ಕಿಟಕಿಯಲ್ಲಿ ಒಬ್ಬಳು ಹುಡುಗಿ, ಮಗಳಿಗಿಂತ ಎಷ್ಟೋ ಸಣ್ಣವಳು. ಫೋಟೋ ನೋಡಿದಳು, ಕಾಗದ ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಕಾಗದ ಓದಿದಳು. ಇದೊಂದಿದ್ದರೆ ಸಾಕು ಅಜ್ಜಿ ಎಂದಳು. ಹಾಗೆಂದವಳು ಮುದ್ರೆ ಎತ್ತಿಕೊಂಡು ಹಾಗೇ ತಡೆದಳು.

"ಆದ್ರೆ ನಿನ್ನೆ ವೀಡಿಯೋ ನಾನೂ ನೋಡಿದೆ. ಕಡುಬಿತ್ತು, ಕೋಳಿ ಇತ್ತು ಅಂತ ನೀವೇ ಹೇಳಿದೀರಿ. ಇಲ್ಲಿ ಒಂದು ಕಾಳು ಅಕ್ಕಿ ಇರ್ಲಿಲ್ಲ ಅಂತ ಇದೆ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ಈ ಕಾಗದವೇ ಸುಳ್ಳು ಅಂತ ಆಗ್ತದೆ. ಎರಡರಲ್ಲಿ ಯಾವುದು ನಿಜ ಅಜ್ಜಿ?"

ನನ್ನ ಹಿಂದೆ ಸಾಲು ಬೆಳೆದಿತ್ತು. ಅವರಲ್ಲಿ ಇಬ್ಬರು ನಮ್ಮ ದಿಬ್ಬದವರೇ, ಅವರ ಬಾಗಿಲಿಗೂ ನೋಟೀಸು ಬಂದಿತ್ತು. ಎಲ್ಲರಿಗೂ ಕೇಳಿಸುತ್ತಿತ್ತು.

"ಕಾಗದದಲ್ಲಿ ಇದ್ದದ್ದು ನಿಜ" ಎಂದೆ. "ನಿನ್ನೆ ನಾ ಮೈಕಲ್ಲಿ ಹೇಳಿದ್ದು ಭಾಷಣ. ಭಾಷಣದಲ್ಲಿ ಹೇಳಿದ್ದನ್ನೆಲ್ಲ ಬರ್ಕಂತಾರಾ ಮಗಾ?"

ಅವಳು ನಗಲಿಲ್ಲ. ಒಂದು ಹಾಳೆ ಮುಂದೆ ತಳ್ಳಿ, ಹಾಗಾದರೆ ಈ ಕಾಗದದಲ್ಲಿರುವುದು ಸತ್ಯ ಎಂದು ಇಲ್ಲಿ ಸಹಿ ಮಾಡಿ ಎಂದಳು. ನಾನು ಮೂರನೆಯ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ನನ್ನ ಹೆಸರು ಬರೆದೆ. ಅವಳು ಮುದ್ರೆ ಒತ್ತಿದಳು.